ಬರ್ತೀನಿ ಅಂದಿದ್ದೆ

ನನ್ನ ತಮ್ಮನಿಗೆ ಆಟಿಸಂ ಇದೆ. ಪಿಯುಸಿ ಮುಗಿಸಿದ ಮೇಲೆ ಎರಡು ವರ್ಷ ಮಸ್ಕಿಯ ಮನೆಯಲ್ಲೇ ಇದ್ದ. ಕೆಲಸ ಕೇಳಿದ ಕಡೆಯೆಲ್ಲ 'ಹುಡುಗ ಚಲೋ ಅದಾನ, ಆದ್ರ...' ಎಂದು ಮಾತು ನಿಲ್ಲಿಸುತ್ತಿದ್ದರು. ಕೊನೆಗೆ ಸಿಂಧನೂರಿನ ಬಟ್ಟೆ ಅಂಗಡಿಯ ಸಾವುಕಾರರೊಬ್ಬರು ಒಂದು ತಿಂಗಳು ನೋಡುತ್ತೇನೆ ಎಂದರು. ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮತ್ತೆ ಮಡಚಿಡುವ ಕೆಲಸ. ಇದು ತಪ್ಪಿದರೆ ಇನ್ನೊಂದು ಸಿಗುವ ಭರವಸೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಸಂಜೆಯೇ ತಕರಾರು. ಸಾವುಕಾರರು ದೀಪ ಹಚ್ಚುತ್ತಿದ್ದಾಗ ಚೀಲ ಹೆಗಲಿಗೇರಿಸಿ ತಮ್ಮ 'ಹೋಗ್ತೀನಿ' ಅಂದನಂತೆ.

'ದೀಪ ಹಚ್ಚೋ ಹೊತ್ತಿನ್ಯಾಗ ಹೋಗ್ತೀನಿ ಅನಬಾರದಪಾ. ಬರ್ತೀನಿ ಅನ್ನು.'

'ಬರಾಂಗಿಲ್ರಿ. ಹೋಗಾಕತ್ತೀನಿ.'

'ಸಾವ್ಕಾರ್ರ, ನಿಮಗ ತಕ್ಕ ಗುರು ಸಿಕ್ಕಾನ ನೋಡ್ರಿ!' ಎಂದು ಉಳಿದ ಕೆಲಸದವರು ನಕ್ಕರಂತೆ.

ಇದೆಲ್ಲ ಅವ್ವ ಹೇಳಿದ್ದು. ಆದರೆ ನೆನಪಿನಲ್ಲಿ ನಾನೂ ಅಲ್ಲೇ ಕೌಂಟರಿಗೆ ಒರಗಿ ನಿಂತಿರುತ್ತೇನೆ. ಯಾವ ಸಾಕ್ಷಿಯನ್ನೂ ಸುಮ್ಮನೆ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನಿಗೆ ತನ್ನ ತಲೆಯೇ ಹೀಗೆ ಮೋಸ ಮಾಡುತ್ತದೆ.

ಮುಂದಿನದರ ಕೊನೆಯನ್ನಷ್ಟೇ ನಾನು ಕಂಡದ್ದು. ಸಾವುಕಾರರ ಒತ್ತಾಯಕ್ಕೆ ತಮ್ಮ ಒಂದು ಸಂಜೆ 'ಬರ್ತೀನಿ' ಅಂದ. ಬಸ್ ನಿಲ್ದಾಣದವರೆಗೆ ಹೋದವನು, ಆಡಿದ ಮಾತಿನಂತೆ ತಿರುಗಿ ಬಂದ. ಅಂದು ಅಂಗಡಿಯನ್ನು ಬೇಗ ಮುಚ್ಚಿದ್ದರು. ಅವನು ಮಸ್ಕಿಯಲ್ಲಿ ಇಳಿಯಲಿಲ್ಲವೆಂದು ಅವ್ವ ಫೋನ್ ಮಾಡಿದಾಗ ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಲಿಂಗಸುಗೂರಿನ ನನ್ನ ಕೋಣೆಯಲ್ಲಿದ್ದೆ. ಸಾವುಕಾರರಿಗೆ ತಿಳಿಸಿ ಬೈಕ್ ಹತ್ತಿದೆ.

ನಾನು ತಲುಪಿದಾಗ ತಮ್ಮ ಶಟರ್‌ಗೆ ಮುಖಮಾಡಿ ನಿಂತಿದ್ದ. ಸಾವುಕಾರರು ಮೆಟ್ಟಿಲ ಮೇಲೆ ಕೂತಿದ್ದರು.

'ಮನಿಗಿ ನಡಿ ಅಂದ್ರ ಕೇಳವಲ್ಲ ನೋಡ್ರಿ ಸರ್.'

'ಬರ್ತೀನಿ ಅಂದಿದ್ದೆ,' ತಮ್ಮ ಹೇಳಿದ. 'ಬಂದೀನಿ. ಅಂಗಡಿ ತೆಗೀರಿ.'

ನಾಳೆಯಿಂದ ಕಳಿಸಬೇಡಿ ಎಂಬ ಮಾತಿಗೆ ಕಾದು ನಿಂತೆ. ಸಾವುಕಾರರು ಎದ್ದು, ಬೀಗ ತೆಗೆದು, ಶಟರ್ ಮೇಲೆತ್ತಿದರು. ತಮ್ಮ ಒಳಗೆ ಹೋಗಿ, ಸೀರೆಗಳ ಕಪಾಟನ್ನೊಮ್ಮೆ ನೋಡಿ ಹೊರಬಂದ. ಶಟರ್ ಮತ್ತೆ ಇಳಿಯಿತು.

ಆ ಬಾಗಿಲಲ್ಲಿ ನಿಂತು ಯಾರಿಗೂ ಆಡದ ಮಾತನ್ನು ಸಾವುಕಾರರು ಆಗ ಆಡಿದರು.

'ಹೋಗಪಾ. ಈಗ ಹೋಗು. ನಾಳಿ ಮುಂಜಾನಿ ಬಾ.'

'ಹೋಗ್ತೀನ್ರಿ,' ಎಂದು ತಮ್ಮ ಬೈಕ್ ಹತ್ತಿದ.

ಅವರ ದನಿ ನಡುಗಿತ್ತು ಎಂದು ನನ್ನ ನೆನಪು. ತಮ್ಮನನ್ನು ಕೇಳಿದರೆ, 'ಇಲ್ಲ. ಕೆಮ್ಮಿದ್ರು' ಅನ್ನುತ್ತಾನೆ. ಇರಬಹುದು. ತಿಂಗಳು ಕಳೆದು ಬಹಳ ದಿನವಾಯಿತು; ಅವನು ಈಗಲೂ ಅಲ್ಲೇ ಸೀರೆ ಮಡಚುತ್ತಾನೆ. ಸಾವುಕಾರರು ದಿನಾ ಸಂಜೆ, ದೀಪ ಹಚ್ಚುವ ಮೊದಲೇ, ಅವನನ್ನು ಕರೆದು 'ಹೋಗು' ಅನ್ನುತ್ತಾರಂತೆ.

ಶಕುನ ಅಪಶಕುನಗಳನ್ನು ನಾನು ನಂಬುವವನಲ್ಲ. ಆದರೂ ಮೊನ್ನೆ ಮಸ್ಕಿಯ ಮನೆಯಿಂದ ಲಿಂಗಸುಗೂರಿಗೆ ಹೊರಟಾಗ, ಬಾಗಿಲಲ್ಲಿ ಅವ್ವ ನಿಂತಿದ್ದಳು. 'ಹೋಗ್ತೀನಿ' ಎಂಬ ಮಾತು ಬಾಯಿಗೆ ಬರಲಿಲ್ಲ. 'ಬರ್ತೀನಿ' ಅಂದೆ.

ಒಳಗೆ ಕೂತಿದ್ದ ತಮ್ಮ ತಲೆ ಎತ್ತಿದ.

'ಯಾವಾಗ?'