ಬೀದಿದೀಪವಾದ ನನ್ನ ಕಾರು

ಕಾರಿನ ಪಾರ್ಕಿಂಗ್ ಲೈಟನ್ನು ನಾನು ಬದಲಾಯಿಸಿದ್ದು ಬ್ಯಾಟರಿ ಉಳಿಸಿಕೊಳ್ಳಲು, ಸಮಾಜಸೇವೆಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗಲ್ಲಿಯಲ್ಲಿ ಇದನ್ನು ಯಾರಿಗೂ ನಂಬಿಸಲು ಕೊನೆಗೂ ನನ್ನಿಂದ ಆಗಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ವಿಮಾ ಕಚೇರಿಯ ಗುಮಾಸ್ತ, ಒಂದು ಹಳೇ ಕಾರಿನ ಮಾಲೀಕ. ಜೋಗುಪಾಳ್ಯದ ಗಲ್ಲಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಕಾರನ್ನು ರಸ್ತೆಯಲ್ಲೇ ಗೋಡೆಗೆ ಒತ್ತಿ ನಿಲ್ಲಿಸಬೇಕಿತ್ತು. ಅಲ್ಲಿದ್ದ ಕಂಬದ ದೀಪ ಸತ್ತು ಯಾವ ಕಾಲವಾಗಿತ್ತೋ! ಕತ್ತಲು ಕವಿದರೆ ಆಟೋಗಳು ನನ್ನ ಕಾರನ್ನು ಸವರಿಕೊಂಡೇ ಹೋಗುತ್ತಿದ್ದವು. ಅದಕ್ಕೇ ಪಾರ್ಕಿಂಗ್ ಲೈಟು ಹಾಕಿಡುತ್ತಿದ್ದೆ. ಆ ಮಂಕು ಹಳದಿ ಬಲ್ಬುಗಳು ಬೆಳಕು ಕೊಡುತ್ತಿದ್ದುದು ಅಷ್ಟಕ್ಕಷ್ಟೇ, ಬ್ಯಾಟರಿಯನ್ನು ಮಾತ್ರ ಪೂರ್ತಿ ಕುಡಿದುಬಿಡುತ್ತಿದ್ದವು. ಬೆಳಿಗ್ಗೆ ಅಕ್ಕಪಕ್ಕದವರು ಪಂಚೆ ಎತ್ತಿ ಕಟ್ಟಿ ಕಾರು ತಳ್ಳಬೇಕು, ನಾನು ಒಳಗೆ ಕೂತು ಹಲ್ಲು ಕಿರಿಯಬೇಕು.

ಕಾರಿನ ಮೂತಿಯ ಮುಂದೆಯೇ ಮೋರಿಯ ಮೇಲಿನ ಒಂದು ಚಪ್ಪಡಿ ಹೋಗಿಬಿಟ್ಟಿತ್ತು. ಗೊತ್ತಿದ್ದವರು ಕತ್ತಲಲ್ಲಿ ಆಚೆ ಗೋಡೆಗೆ ಕೈಯಾನಿಸಿಕೊಂಡು ದಾಟುತ್ತಿದ್ದರು. ದೀಪದ ಆಫೀಸಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರೆ, “ಬಲ್ಬ್ ಸ್ಟಾಕ್ ಇಲ್ಲ ಸಾರ್, ಚಪ್ಪಡಿ ನಮ್ದಲ್ಲ” ಎಂದರು. ಮೋರಿಯವರನ್ನು ಕೇಳಿದರೆ, “ಕತ್ತಲಿದ್ರೆ ನಾವೇನ್ ಮಾಡೋಣ?” ಎಂದರು. ತಿಂಗಳು ತಿಂಗಳು ಸಂಬಳ ಎಣಿಸಿಕೊಂಡು ಹೀಗೆ ಮಾತಾಡುವವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶಿವಾಜಿನಗರದಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳ ಸಾಲಿದೆಯಲ್ಲ, ಅಲ್ಲೊಬ್ಬರು ಎಲ್‌ಇಡಿ ಲೈಟು ಕಟ್ಟಿಕೊಡುತ್ತಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನ್ನ ಹಳೇ ಕಾರಿಗೆ ಸಿದ್ಧ ಲೈಟು ಯಾವುದೂ ಕೂರಲಿಲ್ಲ. ಅಂಗಡಿಯವರು ಹಳೇ ಲೈಟಿನ ಬಟ್ಟಲನ್ನು ಬಿಚ್ಚಿ, ಅದರ ಅಳತೆಗೆ ದುಂಡಗೆ ಹಲಗೆ ಕತ್ತರಿಸಿ, ಸಬ್ಬಕ್ಕಿ ಕಾಳು ಜೋಡಿಸಿದ ಹಾಗೆ ಎಲ್‌ಇಡಿಗಳನ್ನು ಬೆಸೆದರು. ಅವರಿಗೆ ನೀಲಿ ಹಾಕುವ ಆಸೆ. “ಇಂದಿರಾನಗರದವ್ರೆಲ್ಲಾ ಬ್ಲೂನೇ ಹಾಕಿಸ್ತಾವ್ರೆ ಸಾಬ್.” ನನ್ನದು ಕಾರು, ಬಾರಲ್ಲ ಎಂದು ರೇಗಿ ಬಿಳಿಯದೇ ಹಾಕಿಸಿದೆ. “ರಾತ್ರಿಯೆಲ್ಲಾ ಉರೀಲಿ ಸಾಬ್, ಬ್ಯಾಟರಿಗೆ ಗೊತ್ತೇ ಆಗಲ್ಲ” ಎಂದರು. ಆ ಮಾತು ಸುಳ್ಳಾಗಲಿಲ್ಲ.

ಅವತ್ತು ಸಂಜೆ ಲೈಟು ಹಾಕಿದರೆ ಗಲ್ಲಿಯ ಆ ತುಂಡಿಗೆ ಬೆಳದಿಂಗಳು ಬಿದ್ದಂತಾಯಿತು. ಮೋರಿಯ ಬಾಯಿ ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದ ವಠಾರದ ಹೆಂಗಸರು ಅಕ್ಕಿಯ ಮೊರ ತಂದು ಕಾರಿನ ಮುಂದೆ ಕೂತು ಕಲ್ಲು ಆರಿಸತೊಡಗಿದರು. ನನಗೂ ಖುಷಿಯೇ ಆಯಿತು, ಇಲ್ಲವೆನ್ನಲಾರೆ. ಆದರೆ ಕೆಲವು ವಾರಗಳಲ್ಲಿ ಅದು ನನ್ನ ಕೈ ಮೀರಿತು. ಆಫೀಸಿನಿಂದ ಬಂದು ಕಾಫಿ ಕುಡಿಯುವಷ್ಟರಲ್ಲಿ ಬಾಗಿಲು ಬಡಿಯುವರು. “ಏನ್ ಸಾರ್, ಇನ್ನೂ ಲೈಟ್ ಹಾಕಿಲ್ವಾ?” ಕೇಳುವ ಧಾಟಿ ನೋಡಿದರೆ ನಾನು ದೀಪದ ಇಲಾಖೆಯ ನೌಕರನೇ ಅನ್ನಬೇಕು.

ಆ ವಠಾರದಲ್ಲಿ ಗುಲ್ಬರ್ಗ ಕಡೆಯ ಒಬ್ಬ ಹೆಂಗಸಿದ್ದರು. ಗಂಡನಿಲ್ಲ. ಜೋಳದ ರೊಟ್ಟಿ ತಟ್ಟಿ, ಸಂಜೆ ಬುಟ್ಟಿಯಲ್ಲಿಟ್ಟುಕೊಂಡು, ರೂಮು ಮಾಡಿಕೊಂಡಿದ್ದ ತಮ್ಮ ಕಡೆಯ ಕೆಲಸಗಾರರಿಗೆ ಕೊಟ್ಟು ಬರುತ್ತಿದ್ದರು. ಆಕೆಯ ಸಂಸಾರ ನಡೆಯುತ್ತಿದ್ದುದು ಆ ಎರಡು ಕೈಗಳಿಂದ. ಮೊದಲು ಗೋಡೆ ಹಿಡಿದು ಹೋಗುತ್ತಿದ್ದವರು ಈಗ ಬುಟ್ಟಿ ತಲೆಯ ಮೇಲಿಟ್ಟು ಕೈಬೀಸಿಕೊಂಡು ನಡೆಯುವಂತಾದರು. “ನಿಮ್ಮ ಲೈಟ್ ಚಲೋ ಐತಿ ಅಣ್ಣಾ” ಅನ್ನುತ್ತಿದ್ದರು.

ಕೊನೆಗೊಂದು ಮುಸ್ಸಂಜೆ, ನನ್ನ ಅರ್ಜಿಗಳಿಗೆ ಬೇಸತ್ತೋ ಏನೋ, ಲೈನ್‌ಮನ್ ಏಣಿ ಹೊತ್ತು ಬಂದ. ಗಲ್ಲಿಯ ಬಾಯಲ್ಲೇ ನಿಂತು ನನ್ನ ಕಾರನ್ನು ನೋಡಿದ. “ಪೂರ್ತಿ ಕತ್ತಲೆ ಅಂತ ಕಂಪ್ಲೇಂಟ್ ಬಂದಿತ್ತು. ಇಲ್ಲಿ ಲೈಟ್ ಇದೆಯಲ್ಲ ಸಾರ್!”

“ರೀ, ಅದು ನನ್ನ ಕಾರಿಂದು!”

“ಯಾರ್ದಾದ್ರೇನು ಸಾರ್, ಬೆಳಕು ಬಂದ್ರೆ ಸಾಕಲ್ವಾ. ಇದಕ್ಕಿಂತ ಕಷ್ಟದಲ್ಲಿರೋ ಬೀದಿಗಳಿವೆ.”

ನಾನು ಓಡಿಹೋಗಿ ಲೈಟು ಆರಿಸಿದೆ. ಈಗ ನೋಡಿ ಕತ್ತಲೆ ಹೇಗಿದೆ ಎಂದು ತೋರಿಸೋಣವೆಂದರೆ, ನಾಲ್ಕೂ ಕಡೆಯಿಂದ ಕೂಗು. “ಯಾಕ್ ಸಾರ್ ಆಫ್ ಮಾಡಿದ್ರಿ? ಹಾಕಿ ಸಾರ್, ಅಕ್ಕಿ ಚೆಲ್ಲೋಯ್ತು!” ಲೈನ್‌ಮನ್ ನಕ್ಕ. “ಜನಕ್ಕೆ ನಿಮ್ಮ ಲೈಟೇ ಸಾಕಂತೆ” ಎಂದು ಏಣಿ ಹೆಗಲಿಗೇರಿಸಿ ಹೊರಟೇಹೋದ. ಅವನ ಮೇಲೆ ಸಿಟ್ಟು ಬಂದಿತೋ, ಅಕ್ಕಿ ಚೆಲ್ಲಿದವರ ಮೇಲೋ ಗೊತ್ತಾಗಲಿಲ್ಲ. ಅವತ್ತು ಸಿಟ್ಟಿನಲ್ಲಿ ಊಟವೂ ಸೇರಲಿಲ್ಲ.

ಸ್ವಲ್ಪ ದಿನದ ಮೇಲೆ ಕೆ.ಆರ್. ಪುರದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥವಿತ್ತು. ಸಂಜೆಯೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋದೆ. ಕಾರಿರುವುದು ಅದಕ್ಕೇ ತಾನೇ? ಮರಳಿ ಬಂದಾಗ ವಠಾರದ ಮುಂದೆ ಜನ ನಿಂತಿದ್ದರು. ರೊಟ್ಟಿಯಾಕೆ ಮೋರಿಗೆ ಬಿದ್ದಿದ್ದರು. ಕತ್ತಲಾದರೂ ಗೋಡೆ ಹಿಡಿಯುವುದನ್ನು ಮರೆತು, ರೂಢಿಯ ಮೇಲೆ ನಡೆದುಬಿಟ್ಟಿದ್ದರಂತೆ. ಯಾರೋ ಆಸ್ಪತ್ರೆಗೆ ಕರೆದೊಯ್ದು, ಬಲಗೈ ಮಣಿಕಟ್ಟಿಗೆ ಪಟ್ಟಿ ಹಾಕಿಸಿ ತಂದು ಮೆಟ್ಟಿಲ ಮೇಲೆ ಕೂರಿಸಿದ್ದರು. ಬುಟ್ಟಿ ಇನ್ನೂ ಮೋರಿಯಲ್ಲೇ ಇತ್ತು.

ನನ್ನನ್ನು ಕಂಡದ್ದೇ ಆಕೆ ಸಿಡಿದರು. “ಗಾಡಿ ಎಲ್ಲಿಗಿ ಒಯ್ದಿದ್ರಿ ಅಣ್ಣಾ? ಒಂದು ಮಾತು ಹೇಳಿ ಹೋಗಬಾರ್ದೇನ್ರಿ?”

ನನಗೆ ರೇಗಿತು. ಪಟ್ಟಿ ಕಟ್ಟಿದ ಕೈ ಕಣ್ಣೆದುರಿಗಿದ್ದರೂ ರೇಗಿತು. “ನನ್ನನ್ನ ಯಾಕಮ್ಮಾ ಕೇಳ್ತೀರಿ? ದೀಪ ಹಾಕ್ದೇ ಇರೋರನ್ನ ಕೇಳಿ, ಚಪ್ಪಡಿ ಮುಚ್ಚದವರನ್ನ ಕೇಳಿ!”

“ಅವ್ರನ್ನ ಏನ್ ಕೇಳೋದ್ರಿ? ಅವ್ರು ಎಂದಾದ್ರೂ ಲೈಟ್ ಹಚ್ಚ್ಯಾರೇನು?”

ಲೈಟು ಹಾಕಿ ಒಳಗೆ ಹೋದೆ. ಅವತ್ತಿನಿಂದ ಕಾರು ತೆಗೆಯುವ ಮುಂಚೆ ಆಕೆಯ ಬಾಗಿಲಿಗೆ ಹೋಗಿ, “ಅಕ್ಕಾ, ಗಾಡಿ ತಗೊಂಡು ಹೋಗ್ತಿದ್ದೀನಿ, ಹುಷಾರು” ಎಂದು ಹೇಳುತ್ತಿದ್ದೆ. ಸ್ವಂತ ಕಾರು, ಸ್ವಂತ ಲೈಟು, ಅಪ್ಪಣೆ ಬೇಡುವವನಂತೆ ನಿಲ್ಲುವವನು ನಾನು! ಪಟ್ಟಿ ಬಿಚ್ಚಿದ ಮೇಲೂ ಆಕೆಯ ಮಣಿಕಟ್ಟು ತಿರುಗಲಿಲ್ಲ. ಹಿಟ್ಟು ನಾದಲಾಗದು, ರೊಟ್ಟಿ ತಟ್ಟಲಾಗದು. ಕೆಲಸಗಾರರು ಬೇರೆ ಕಡೆ ಊಟ ಹುಡುಕಿಕೊಂಡರು. ಬಾಡಿಗೆ ಕಟ್ಟಲಾಗದೆ ಆಕೆ ರೂಮು ಬಿಟ್ಟು ಊರಿಗೆ ಹೋದರು.

ಚುನಾವಣೆ ಹತ್ತಿರ ಬಂದಾಗ ಕಂಬಕ್ಕೆ ದೀಪ ಬಂತು. ನಮ್ಮ ಏರಿಯಾದ ಮುಖಂಡರೊಬ್ಬರು ಬಂದು ಸ್ವಿಚ್ ಹಾಕುವ ಸಮಾರಂಭ. ಕಂಬಕ್ಕೂ ಅವರಿಗೂ ಹೂವಿನ ಹಾರ, ಧನ್ಯವಾದ ಹೇಳುವ ಬ್ಯಾನರು. ಮೋರಿಯ ಬಾಯಿ ಹಾಗೇ ಇತ್ತು. ಅದರ ಮೇಲೆ ಒಂದು ಹಲಗೆಯಿಟ್ಟು, ಫೋಟೋದಲ್ಲಿ ಕಾಣದಂತೆ ಜಮಖಾನ ಹಾಸಿದ್ದರು. ಒಬ್ಬ ಕಾರ್ಯಕರ್ತ ನನ್ನ ಮನೆ ಬಾಗಿಲಿಗೆ ಬಂದ. “ಸಾರ್, ನಿಮ್ಮ ಗಾಡಿ ಸ್ವಲ್ಪ ಆಚೆ ತೆಗೀರಿ. ಫೋಟೋಗೆ ಅಡ್ಡ ಬರುತ್ತೆ.”

ಕಾರು ಹಿಂದಕ್ಕೆ ತೆಗೆದೆ. ಚಪ್ಪಾಳೆ ತಟ್ಟಿದರು, ದೀಪ ಹತ್ತಿತು. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಆ ಹೆಂಗಸು ಅಲ್ಲಿದ್ದಿದ್ದರೂ ಹಾರ ಹಾಕಿಸಿಕೊಂಡವರನ್ನು ಏನೂ ಕೇಳುತ್ತಿರಲಿಲ್ಲ. ನನ್ನ ಹತ್ತಿರವೇ ಬಂದು, ಗಾಡಿ ಯಾಕೆ ತೆಗೆದಿರಿ ಅಣ್ಣಾ ಎಂದು ಬೈಯುತ್ತಿದ್ದರು.