ದೆವ್ವದ ಸಿನಿಮಾ ಮತ್ತು ಒಂದು ಟವೆಲ್ಲು

ನನಗೆ ದೆವ್ವದ ಸಿನಿಮಾ ಅಂದರೆ ಪ್ರಾಣ. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರು ನನ್ನ ಹಣೆಯ ಕುಂಕುಮ, ಕಂಕುಳಲ್ಲಿರುವ ಉತ್ತರಪತ್ರಿಕೆಗಳ ಕಟ್ಟು, ಊಟದ ಡಬ್ಬಿಯ ಚೀಲ ಎಲ್ಲವನ್ನೂ ಒಮ್ಮೆ ನೋಡಿ, "ಮೇಡಂ, ನೀವಾ?" ಅನ್ನುತ್ತಾರೆ. ಹೌದು, ನಾನೇ. ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವ, ಐವತ್ತು ದಾಟಿದ, ಮೊಣಕಾಲು ನೋವಿನ ಹೆಂಗಸು. ಇದು ಭಕ್ತಿಯ ಸಿನಿಮಾ ನೋಡುವ ವಯಸ್ಸು ಅಂತ ನಮ್ಮ ನೆಂಟರಲ್ಲಿ ಕೆಲವರ ಅಭಿಪ್ರಾಯ. ಆದರೆ ಏನು ಮಾಡಲಿ ಹೇಳಿ, ಭಾನುವಾರ ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡು, ಕಿಟಕಿಯ ಪರದೆ ಎಳೆದು, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಮಂಪರಿನಲ್ಲಿ ಕೂತಿರುವಾಗ ಟೀವಿಯೊಳಗೆ ಒಂದು ಬಾಗಿಲು ತನ್ನಷ್ಟಕ್ಕೆ ತಾನೇ ಕಿರ್ರೆಂದು ತೆರೆದುಕೊಂಡರೆ ನನಗಾಗುವ ಸುಖ ಬೇರೆ ಯಾವುದರಲ್ಲೂ ಇಲ್ಲ.

ಇನ್ನು ನಮ್ಮ ಯಜಮಾನರು. ಹೆಸರು ಮುನಿರಾಜು, ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ. ಸುತ್ತಮುತ್ತಲ ಬೋರ್‌ವೆಲ್ಲುಗಳ ಸುಟ್ಟ ಮೋಟರುಗಳು ಅವರ ಕೈಗೇ ಬರಬೇಕು. ತ್ರೀ ಫೇಸ್ ಕರೆಂಟಿಗೆ ಹೆದರಿದವರಲ್ಲ. ಪಂಪ್‌ಹೌಸಿನ ಸ್ಟಾರ್ಟರ್ ಡಬ್ಬದಲ್ಲಿ ಹಾವು ಸುತ್ತಿಕೊಂಡಿದ್ದರೆ, "ಎದ್ದೇಳಪ್ಪಾ, ಟೈಮಾಯ್ತು" ಅಂತ ಕೋಲಿನಲ್ಲಿ ಎತ್ತಿ ಬದುವಿನಾಚೆ ಬಿಟ್ಟು ಬರುವ ಮನುಷ್ಯ. ಇಂಥವರು, ತೆರೆಯ ಮೇಲೆ ಬಿಳಿ ಸೀರೆಯ ಸೆರಗು ಸುಳಿದರೆ ಸಾಕು, ಹೆಗಲ ಮೇಲಿನ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಬಿಡುತ್ತಾರೆ. ಆಮೇಲೆ ಟವೆಲ್ಲಿನ ಒಳಗಿಂದ ಸಣ್ಣ ದನಿ ಬರುತ್ತದೆ: "ಹೋಯ್ತಾ?"

"ಇನ್ನೂ ಇಲ್ಲ ಕಣ್ರೀ."

"ಈಗ?"

"ಹೋಯ್ತು, ತೆಗೀರಿ."

ಮದುವೆಯಾದಾಗಿನಿಂದ ನಾವು ದೆವ್ವದ ಸಿನಿಮಾ ನೋಡಿರುವುದು ಹೀಗೇ. ಅರ್ಧ ನಾನು ನೋಡುತ್ತೇನೆ, ಅರ್ಧ ಅವರು ಟವೆಲ್ಲಿನ ನೇಯ್ಗೆ ನೋಡುತ್ತಾರೆ. "ಇಷ್ಟು ಹೆದರೋರು ಯಾಕೆ ಬರ್ತೀರಿ, ಮನೇಲಿರಬಾರ್ದಾ?" ಅಂತ ಒಮ್ಮೆ ಕೇಳಿದ್ದೆ. "ನೀನೊಬ್ಳೇ ಹೆದರ್ಕೊಂಡ್ರೆ ಯಾರಿರ್ತಾರೆ ಪಕ್ಕದಾಗೆ?" ಅಂದರು. ಮುಖ ಆಗಲೂ ಟವೆಲ್ಲಿನೊಳಗೇ ಇತ್ತು.

ನನಗೆ ಈ ಹುಚ್ಚು ಹತ್ತಿದ್ದು ನಗರಗೆರೆಯ ನಮ್ಮ ಅಜ್ಜಿಯ ಮನೆಯಲ್ಲಿ. ಅಲ್ಲಿಂದ ಗಡಿಯಾಚೆಯ ಹಿಂದೂಪುರ ಹತ್ತಿರ, ನಮ್ಮ ಚಿಕ್ಕಪ್ಪನಿಗೆ ಸಿನಿಮಾ ಅಂದರೆ ಹಿಂದೂಪುರದ ಟಾಕೀಸು. ಹಾಗಾಗಿ ನಾನು ಚಿಕ್ಕಂದಿನಲ್ಲಿ ಕಂಡ ದೆವ್ವಗಳೆಲ್ಲ ತೆಲುಗು ಮಾತಾಡುತ್ತಿದ್ದವು. ದೆವ್ವಗಳ ಮನೆಮಾತೇ ತೆಲುಗು ಎಂದು ನಾನು ಬಹಳ ಕಾಲ ನಂಬಿದ್ದೆ. ಸಂಜೆ ಕೊಟ್ಟಿಗೆಗೆ ಹೋಗಬೇಕಾದರೆ, ಕನ್ನಡದಲ್ಲಿ ಹೇಳಿದರೆ ಪಾಪ ಅದಕ್ಕೆ ಹೇಗೆ ತಿಳಿಯಬೇಕು ಎಂದು "ಮಾ ಇಂಟಿಕಿ ರಾಕು ತಲ್ಲೀ" ಎಂದು ಕೈ ಮುಗಿದು ಹೋಗುತ್ತಿದ್ದೆ. ನಮ್ಮ ಮನೆಗೆ ಬರಬೇಡಮ್ಮಾ ಅಂತ. ತಾಯಿ ಅಂತ ಕರೆದರೆ ದೆವ್ವಕ್ಕೂ ಕರುಳು ಚುರ್ ಅನ್ನುತ್ತದೆಂಬ ಲೆಕ್ಕ. ಅದು ಬರಲಿಲ್ಲ, ನನ್ನ ತೆಲುಗು ಚೆನ್ನಾಗಿತ್ತೆಂದು ಕಾಣುತ್ತದೆ.

ಈಚೆಗೆ ಬರುತ್ತಿರುವ ಸಿನಿಮಾಗಳ ಬಗ್ಗೆ ನನಗೆ ತಕರಾರುಗಳಿವೆ. ಮೊದಲನೆಯದು, ಏನೂ ಕಾಣುವುದಿಲ್ಲ. ಎಲ್ಲಾ ಕತ್ತಲು. ದೆವ್ವ ಬಂತೋ ಕರೆಂಟು ಹೋಯಿತೋ ಗೊತ್ತಾಗದಷ್ಟು ಕತ್ತಲು. ಆಮೇಲೆ ಆ ಸದ್ದು! ಕಪಾಟಿನಿಂದ ಬೆಕ್ಕು ಹಾರಿದರೂ ಗುಡುಗು. ಮೈ ಬೆಚ್ಚುವುದಕ್ಕೂ ಮನಸ್ಸು ಹೆದರುವುದಕ್ಕೂ ವ್ಯತ್ಯಾಸವಿಲ್ಲವೇ? ಪ್ರೆಶರ್ ಕುಕ್ಕರ್ ಕೂಗಿದರೂ ಮೈ ಬೆಚ್ಚುತ್ತದೆ, ಅದಕ್ಕೆ ಟಿಕೆಟ್ ಯಾಕೆ? ಇನ್ನು ಈಗಿನ ದೆವ್ವಗಳು ಬಹಳ ನೊಂದವು. ಇಂಟರ್‌ವಲ್ ಮುಗಿಯುತ್ತಿದ್ದಂತೆ ಅವುಗಳ ಹಿಂದಿನ ಕಥೆ ಶುರು. ಆ ಕಥೆ ಕೇಳಿದ ಮೇಲೆ ಹೆದರುವುದು ಹೇಗೆ, ಕೂರಿಸಿ ಒಂದು ಲೋಟ ಕಾಫಿ ಕೊಡೋಣ ಅನ್ನಿಸುತ್ತದೆ. ಹಾಸ್ಯ ಬೆರೆಸಿದ ದೆವ್ವಗಳ ವಿಷಯ ನಾನು ಎತ್ತುವುದೇ ಇಲ್ಲ. ಪಂಚೆ ಎತ್ತಿಕೊಂಡು ಮೂವರು ಓಡುತ್ತಾರೆ, ಹಿಂದೆ ದೆವ್ವ ಓಡುತ್ತದೆ, ಅದಕ್ಕೂ ಏದುಸಿರು. ಒಳ್ಳೆಯವು ಇಲ್ಲವೆಂದಲ್ಲ. ಒಂದು ಊರಿನ ಮಣ್ಣನ್ನು, ಆ ಮಣ್ಣಿನ ನಂಬಿಕೆಯನ್ನು ಹಿಡಿದು ತೆಗೆದ ಕೆಲವು ಸಿನಿಮಾಗಳು ಈಚೆಗೆ ಬಂದಿವೆ. ಅವುಗಳಲ್ಲಿ ದೆವ್ವ ಕಡಿಮೆ, ಕಾಯುವುದು ಹೆಚ್ಚು. ಖಾಲಿ ಅಂಗಳ, ಒಣಗಲು ಹಾಕಿದ ಸೀರೆ, ಗಾಳಿಯಿಲ್ಲದೆ ಅಲ್ಲಾಡುವ ಅದರ ತುದಿ. ಅಷ್ಟೇ ಸಾಕು ನನಗೆ.

ಹತ್ತನೇ ಕ್ಲಾಸಿನ ಮಕ್ಕಳಿಗೆ ನವರಸ ಹೇಳಿಕೊಡುವಾಗ ನಾನು ಭಯಾನಕದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನೋಡಿ, ನಮ್ಮ ಹಿಂದಿನವರು ಎಂಥ ರಸಿಕರು! ಶೃಂಗಾರ, ಹಾಸ್ಯದ ಪಂಕ್ತಿಯಲ್ಲೇ ಹೆದರಿಕೆಗೂ ಎಲೆ ಹಾಕಿ ಬಡಿಸಿದ್ದಾರೆ. ಎದುರಿಗೆ ನಿಜವಾದ ಹುಲಿ ಬಂದರೆ ಅದು ಬರೀ ಭಯ, ಓಡುತ್ತೇವೆ. ಬಣ್ಣ ಬಳಿದುಕೊಂಡ ಹುಲಿ ರಂಗದ ಮೇಲೆ ಬಂದರೆ ಅದು ರಸ, ಚಪ್ಪಾಳೆ ಹೊಡೆಯುತ್ತೇವೆ. ಇದರ ಜೊತೆಗೆ ನನ್ನದೂ ಒಂದು ಸಿದ್ಧಾಂತವಿದೆ, ಅದು ಪಠ್ಯಪುಸ್ತಕದಲ್ಲಿಲ್ಲ: ಒಳ್ಳೆಯ ದೆವ್ವದ ಸಿನಿಮಾ ಟಾಕೀಸಿನಲ್ಲೇ ಮುಗಿಯಬಾರದು, ಅದು ನಮ್ಮ ಜೊತೆ ಮನೆಗೆ ಬರಬೇಕು. ಈ ಸಿದ್ಧಾಂತವೇ ನನ್ನನ್ನು ಹೊಂಡಕ್ಕೆ ಕೆಡವಿದ್ದು.

ಒಂದು ದಿನ ಮ್ಯಾಟ್ನಿಗೆ ಹೋಗಿದ್ದೆವು. ಇಂಟರ್‌ವಲ್ಲಿನ ತನಕ ಸಿನಿಮಾ ಸಪ್ಪೆ. ಆಮೇಲೆ ನಾಯಕಿ ಒಂದು ಉದ್ದನೆಯ ಪಡಸಾಲೆಯಲ್ಲಿ ನಡೆಯುತ್ತಿರುವಾಗ ಎಡಗಡೆ ಮೂಲೆಯಲ್ಲಿ ಸಣ್ಣದಾಗಿ ಏನೋ ಮಿಂಚಿತು. ಸ್ವಲ್ಪ ಹೊತ್ತಿಗೆ ಅದೇ ಮೂಲೆಯಿಂದ ಒಂದು ಕಪ್ಪು, ಸೆರಗು ಇಳಿಬಿಟ್ಟ ಹಾಗೆ, ಮೆಲ್ಲಗೆ ಒಳಗೆ ಬಂತು. ಸದ್ದಿಲ್ಲ, ಗದ್ದಲವಿಲ್ಲ. ನಾಯಕಿ ಎಲ್ಲಿ ಹೋದರೂ ಅದು ಅಲ್ಲೇ, ಮೂಲೆಯಲ್ಲೇ, ಕನಸಿನಲ್ಲಿ ನಿಂತವರು ನಿಲ್ಲುವಂತೆ ನಿಂತಿತ್ತು. ನನ್ನ ಮೈ ಜುಂ ಅಂದಿತು. "ರೀ, ಎಂಥಾ ಕೆಲಸ ಮಾಡಿದಾನ್ರೀ ಡೈರೆಕ್ಟ್ರು!" ಅಂದೆ. "ಹೋಯ್ತಾ?" ಅಂತು ಟವೆಲ್ಲು.

ಸಿನಿಮಾ ಮುಗಿದು ಹೊರಗೆ ಬಂದೆವು. ಬಿಸಿಲು ಕಣ್ಣಿಗೆ ಹೊಡೆಯಿತು. ಬಿಸಿಲಿನಲ್ಲೂ ಎಡಗಡೆ ಅಂಚಿನಲ್ಲಿ ಆ ಕಪ್ಪು ತೆಳ್ಳಗೆ ಇತ್ತು. ನನಗಾದ ಸಂತೋಷ ಏನು ಹೇಳಲಿ! ಬಂತಲ್ಲ, ಮನೆಗೇ ಬಂತಲ್ಲ ಸಿನಿಮಾ! ಆ ಸಂಜೆ ಅನ್ನಕ್ಕಿಟ್ಟು ಒಲೆಯ ಮುಂದೆ ನಿಂತಾಗಲೂ ಅದು ಸಾಸಿವೆ ಡಬ್ಬಿಯ ಪಕ್ಕ ಸುಮ್ಮನೆ ನಿಂತಿತ್ತು. ನಾನು ಅದರ ಜೊತೆ ಮಾತಾಡುವುದೊಂದು ಬಾಕಿ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಇದರದೇ ವರ್ಣನೆ. ನಮ್ಮ ಗಣಿತದ ಮೇಡಂ ನಸೀಮಾ ಅಲೀಪುರದವರು, ನನ್ನ ಮಾತು ಕೇಳಿ ತಂಗಿಯನ್ನು ಕರೆದುಕೊಂಡು ಹೋಗಿ ನೋಡಿ ಬಂದರು. "ಮೇಡಂ, ಮೂಲೆಯಲ್ಲಿ ಕಪ್ಪು ಬರುತ್ತೆ ಅಂದ್ರಲ್ಲ, ಎಲ್ಲೂ ಬರ್ಲಿಲ್ವಲ್ಲ?" ಅಂದರು. ನಾನು ನಕ್ಕೆ. ಪಾಪ, ಲೆಕ್ಕದ ಮೇಡಂ, ಸೂಕ್ಷ್ಮ ಎಲ್ಲಿ ಕಾಣಬೇಕು ಅಂದುಕೊಂಡೆ. "ಅದು ಎಲ್ಲರಿಗೂ ಕಾಣಲ್ಲ ಮೇಡಂ, ಕಣ್ಣು ಪಳಗಿರಬೇಕು" ಅಂದೆ ಕೂಡ!

ಭಾನುವಾರ ಬಂತು. ಮುದ್ದೆ ಉಂಡು, ಪರದೆ ಎಳೆದು, ಟೀವಿಯಲ್ಲಿ ಬೇರೊಂದು ದೆವ್ವದ ಸಿನಿಮಾ ಹಾಕಿದೆ. ಹೆಸರು ಬರುವಾಗಲೇ ಎಡಗಡೆ ಮೂಲೆಯಲ್ಲಿ ಕಪ್ಪು. ಈ ಸಲ ಇನ್ನೂ ಅಗಲವಾಗಿತ್ತು, ಟೀವಿಯ ಕಾಲುಭಾಗ ನುಂಗಿಕೊಂಡಿತ್ತು. ನನಗೆ ಸಿಟ್ಟು ಬಂತು. "ನೋಡಿದ್ರಾ, ಇವನೂ ಅದನ್ನೇ ಕದ್ದಿದಾನೆ! ನಾಚಿಕೆ ಬೇಡ್ವಾ? ಅದೇ ಮೂಲೆ, ಅದೇ ಕಪ್ಪು!" ಅಂತ ಬೈಯತೊಡಗಿದೆ. ನಮ್ಮ ಯಜಮಾನರು ಮುನ್ನೆಚ್ಚರಿಕೆಯಾಗಿ ಆಗಲೇ ಟವೆಲ್ಲು ಎಳೆದುಕೊಂಡಿದ್ದರು. "ಒಂದ್ಸಲ ತೆಗೆದು ನೋಡ್ರೀ, ಈ ಕಳ್ಳತನಕ್ಕೆ ನೀವೇ ಸಾಕ್ಷಿ" ಎಂದು ಪೀಡಿಸಿದೆ. ಅವರು ಟವೆಲ್ಲನ್ನು ಒಂದು ಕಣ್ಣಿನಷ್ಟು ಜಾರಿಸಿದರು. ಆಮೇಲೆ ಎರಡು ಕಣ್ಣಿನಷ್ಟು. ಆಮೇಲೆ ಪೂರ್ತಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಎಲ್ಲೇ?"

"ಅಲ್ಲೇ, ಎಡಗಡೆ ಮೂಲೇಲಿ."

ಅವರು ಟೀವಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಟೀವಿ ನೋಡಿದರು. "ಅಲ್ಲೇನೂ ಇಲ್ಲ ಕಣೇ" ಅಂದರು.

ಅಷ್ಟು ವರ್ಷ ಅಷ್ಟೊಂದು ದೆವ್ವಗಳನ್ನು ನೋಡಿದವಳು ನಾನು, ಅಷ್ಟು ಹೆದರಿಸುವ ಮಾತು ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ. ಅವರು ಎದ್ದು ಟೀವಿ ಆರಿಸಿದರು. ಆರಿಸಿದ ಮೇಲೂ ನನ್ನ ಮೂಲೆಯ ಕಪ್ಪು ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದರೆ ಇಲ್ಲ, ಬಲಗಣ್ಣು ಮುಚ್ಚಿದರೆ ಇದೆ. ಇದು ಬರೀ ಭಯ. ಇದರಲ್ಲಿ ರಸ ಗಿಸ ಏನೂ ಇರಲಿಲ್ಲ.

ಬೆಳಗಾಗುತ್ತಲೇ ಅಂಗಡಿಗೆ ಬೀಗ ಹಾಕಿ, ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು, "ಯಾವಾಗಿನಿಂದ ಕಾಣಿಸ್ತಿದೆಯಮ್ಮಾ?" ಎಂದು ಕೇಳಿದರು. "ಇಂಟರ್‌ವಲ್ ಆದ್ಮೇಲಿಂದ" ಅಂದುಬಿಟ್ಟೆ. ಅವರು ನಗಲಿಲ್ಲ. ಕಣ್ಣಿನ ಹಿಂದಿನ ಪರದೆ ಬಿಟ್ಟುಕೊಂಡಿದೆ, ಹಳೇ ಗೋಡೆಗೆ ಅಂಟಿಸಿದ ಕಾಗದ ಎದ್ದು ಬಂದ ಹಾಗೆ, ತಕ್ಷಣ ಆಪರೇಷನ್ ಆಗಬೇಕು, ಮೊದಲೇ ಬಂದಿದ್ದರೆ ಚೆನ್ನಾಗಿತ್ತು, ದೃಷ್ಟಿ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳುವುದಕ್ಕಾಗುವುದಿಲ್ಲ ಎಂದರು. ಆಪರೇಷನ್ ಆಯಿತು. ಕಣ್ಣಿನೊಳಗೆ ಗಾಳಿಗುಳ್ಳೆ ತುಂಬಿದ್ದಾರೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕು, ಹಾಗಾಗಿ ಕೆಲವು ದಿನ ಬೋರಲಾಗೇ ಮಲಗಿರಬೇಕು, ತಲೆ ಎತ್ತಲೇಬಾರದು ಎಂದು ಹೇಳಿ ಕಳಿಸಿದರು. ಫೋನು, ಟೀವಿ ಯಾವುದೂ ಕೂಡದು.

ಮಂಚದ ಅಂಚಿಗೆ ಎರಡು ದಿಂಬು ಜೋಡಿಸಿ, ನಡುವಿನ ಸಂದಿಯಲ್ಲಿ ಮುಖವಿಟ್ಟು ಮಲಗಿದೆ. ತೆರೆದಿದ್ದ ಬಲಗಣ್ಣಿಗೆ ಕಾಣುತ್ತಿದ್ದುದು ಮೊಸಾಯಿಕ್ ನೆಲ ಮಾತ್ರ. ನೋಡುತ್ತಾ ನೋಡುತ್ತಾ ಅದರಲ್ಲಿ ಮುಖಗಳು ಏಳುತ್ತಿದ್ದವು, ಮೋಡಗಳು ಹೋಗುತ್ತಿದ್ದವು, ನಗರಗೆರೆಯ ಕೊಟ್ಟಿಗೆಯ ಬಾಗಿಲು ತೆರೆಯುತ್ತಿತ್ತು. ರೈಲು ಕೂಗಿದಾಗ ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿರಲಿಲ್ಲ. ಕಪ್ಪು ಹೋಗಿದೆಯೋ ಇದೆಯೋ ಅದೂ ಎಡಗಣ್ಣಿನ ಕಟ್ಟಿನ ಹಿಂದೆ ತಿಳಿಯುತ್ತಿರಲಿಲ್ಲ. ಪಾಠ ಮಾಡುವವಳಿಗೆ ಕಣ್ಣು ಹೋದರೆ ಏನು ಗತಿ ಎಂದು ದಿಂಬಿನ ಸಂದಿಯಲ್ಲೇ ಅತ್ತೆ. ಅತ್ತರೂ ತಲೆ ಎತ್ತುವ ಹಾಗಿಲ್ಲ.

ಒಂದು ಮಧ್ಯಾಹ್ನ ಆ ನೆಲದ ಮೇಲೆ ಚಾಪೆ ಬಂತು, ಚಾಪೆಯ ಮೇಲೆ ನಮ್ಮ ಯಜಮಾನರು ಬಂದು ಅಂಗಾತ ಮಲಗಿದರು. ಕೈಯಲ್ಲಿ ಫೋನು. "ಬೇಜಾರಾ? ನಿನ್ ದೆವ್ವದ ಪಿಕ್ಚರ್ ಹಾಕಿವ್ನಿ. ನೀನು ಕಣ್ಮುಚ್ಕೊ, ನಾನೇ ನೋಡಿ ಹೇಳ್ತೀನಿ."

"ನೀವಾ?"

"ಸುಮ್ನೆ ಕೇಳು. ಒಂದು ಮನೆ ಐತೆ. ಹಳೇದು. ವೈರಿಂಗ್ ಸರಿಗಿಲ್ಲ ಕಣೇ, ಲೈಟು ಅದಕ್ಕೇ ಮಿಣಮಿಣ ಅಂತೈತೆ, ದೆವ್ವ ಗಿವ್ವ ಏನಲ್ಲ. ಅರ್ಥಿಂಗೇ ಕೊಟ್ಟಿಲ್ಲ. ಹುಡುಗಿ ಬರ್ತಾವ್ಳೆ. ಬರಿಗಾಲಲ್ಲಿ ಸ್ವಿಚ್ ಮುಟ್ತಾವ್ಳೆ, ಬುದ್ಧಿ ಇಲ್ಲ. ಬಾಗ್ಲು... ಬಾಗ್ಲು ತೆಗೀತೈತೆ..."

ದನಿ ನಡುಗಿತು.

"ಟವೆಲ್ ಹಾಕ್ಕೊಂಡ್ರಾ?"

"ಇಲ್ಲ. ನಾನು ಮುಚ್ಕೊಂಡ್ರೆ ನಿನಗ್ಯಾರು ಹೇಳೋರು? ಬಂತು ಕಣೇ, ಬಂತು, ಕೂದ್ಲು ಬಿಟ್ಕೊಂಡು ಬಂತು... ಅಯ್ಯಪ್ಪಾ..."

ಆ ದೊಡ್ಡ ಮನುಷ್ಯ ಹಲ್ಲು ಕಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು, ನನಗಾಗಿ ಇಡೀ ದೆವ್ವವನ್ನು ನೋಡಿದರು. ನಾನು ಕೆಳಮುಖವಾಗಿಯೇ ಕೇಳಿದೆ: "ಹೋಯ್ತಾ?" ನಾನು ಕೇಳಿದ್ದು ಆ ದೆವ್ವದ ವಿಷಯವಲ್ಲ ಎಂದು ಅವರಿಗೆ ತಿಳಿಯಿತು. ಫೋನಿನ ಸದ್ದು ನಿಂತಿತು. "ಹೋಗ್ತೈತೆ ಕಣೇ. ತಲೆ ಎತ್ತಬೇಡ" ಅಂದರು.

ಕಟ್ಟು ಬಿಚ್ಚಿದ ಮೇಲೆ ಬಹಳ ದಿನ ಲೋಕ ನೀರಿನೊಳಗಿನಿಂದ ನೋಡಿದಂತಿತ್ತು. ಗುಳ್ಳೆ ಅಲುಗಿದಂತೆ ನಮ್ಮ ಮನೆ, ಬೀದಿ, ಯಜಮಾನರ ಮೀಸೆ ಎಲ್ಲ ತೇಲಾಡುತ್ತಿದ್ದವು. ಗುಳ್ಳೆ ಸಣ್ಣದಾಗುತ್ತಾ ಹೋಗಿ ಒಂದು ಬೆಳಿಗ್ಗೆ ಕಾಣೆಯಾಯಿತು. ಅದರ ಹಿಂದೆ ಕಪ್ಪೂ ಇರಲಿಲ್ಲ. ಪೂರ್ತಿ ಮೊದಲಿನಂತಾಗಲಿಲ್ಲ, ಬೋರ್ಡಿನ ಮೇಲೆ ಎಳೆದ ಗೆರೆ ಎಡಗಣ್ಣಿಗೆ ಸ್ವಲ್ಪ ಸೊಟ್ಟ. ಗೆರೆಯೇ ಸೊಟ್ಟವೋ ಕಣ್ಣು ಸೊಟ್ಟವೋ ಎಂದು ಮಕ್ಕಳನ್ನು ಕೇಳಿ ತಿಳಿದುಕೊಳ್ಳುತ್ತೇನೆ. ನಸೀಮಾ ಮೇಡಂ ಹತ್ತಿರ ಕಣ್ಣು ಪಳಗಿರುವ ವಿಷಯ ಮತ್ತೆ ಎತ್ತಿಲ್ಲ.

ಮೊನ್ನೆ ಮತ್ತೆ ಮ್ಯಾಟ್ನಿಗೆ ಹೋದೆವು. ಹುಚ್ಚು ಬಿಡಬೇಕಲ್ಲ! ಹೊಸ ಸಿನಿಮಾ, ಎಂದಿನಂತೆ ಕತ್ತಲೇ ಕತ್ತಲು. ಪಡಸಾಲೆಯ ಒಂದು ದೃಶ್ಯದಲ್ಲಿ ತೆರೆಯ ಎಡಗಡೆ ಮೂಲೆಯಿಂದ ಕಪ್ಪಗೆ ಏನೋ ಮೆಲ್ಲಗೆ ಒಳಗೆ ಬಂತು. ನನ್ನ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿಯಿತು. ತಿರುಗಿ ನೋಡಿದರೆ, ಟವೆಲ್ಲು ಹೆಗಲ ಮೇಲೇ ಇದೆ, ಮುಖವೆಲ್ಲ ಬೆವರು, ಎರಡು ಕಣ್ಣೂ ಅಗಲಕ್ಕೆ ಬಿಟ್ಟುಕೊಂಡು ನಮ್ಮ ಯಜಮಾನರು ಅದೇ ಮೂಲೆಯನ್ನೇ ನೋಡುತ್ತಿದ್ದಾರೆ. ನನ್ನ ಕೈ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಹೆದರ್ಕೋಬೇಡ ಕಣೇ, ನನಗೂ ಕಾಣಿಸ್ತೈತೆ. ಅದು ದೆವ್ವನೇ."