ಬೂಡೆನ್‌ನಲ್ಲಿ ಎರಡಾದ ರೈಲು

1995ರಲ್ಲಿ ನಾನು ದುಬೈಯ ದೇರಾದಲ್ಲಿದ್ದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಯುರೋಪ್ ರೈಲು ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಆಗ ಇಡೀ ಎಮಿರೇಟ್ಸಿನಲ್ಲಿ ಜನ ಹತ್ತುವಂಥ ರೈಲು ಒಂದೂ ಇರಲಿಲ್ಲ. ರೈಲೇ ಇಲ್ಲದ ದೇಶದಲ್ಲಿ ರೈಲಿನ ಟಿಕೆಟ್ ಮಾರುತ್ತೇನೆ ಎಂದರೆ ಹುಬ್ಬಳ್ಳಿಯ ನಮ್ಮ ಬಂಧುಗಳು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ ಬಿಡಿ. ನಮ್ಮಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ನಾನು ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಸಂದರ್ಶನದ ದಿನ ಮ್ಯಾನೇಜರ್ ಇಟ್ಟಿಗೆಯಷ್ಟು ದಪ್ಪದ ವೇಳಾಪಟ್ಟಿಯೊಂದನ್ನು ಮುಂದಿಟ್ಟು, ಇದನ್ನು ಓದಲು ಬರುತ್ತದೆಯೇ ಎಂದು ಕೇಳಿದ್ದರು. ನನಗೆ ಅಕ್ಷರ ಕಲಿಯುವ ಮೊದಲೇ ಅದು ಬರುತ್ತಿತ್ತು ಎಂದು ಹೇಳಬೇಕೆನಿಸಿತ್ತು. ಹೇಳಲಿಲ್ಲ, ಕೆಲಸ ಬೇಕಿತ್ತು.

ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗುವ ಅರಬ್ ಕುಟುಂಬಗಳು. ಸ್ವೀಡನ್ ಕೇಳಿಕೊಂಡು ಬರುವವರು ಅಪರೂಪ. ಆದರೂ ಆ ದೇಶದ ಪುಟಗಳೆಂದರೆ ನನಗೆ ವಿಶೇಷ ಪ್ರೀತಿ. ದಕ್ಷಿಣದಲ್ಲಿ ಜೇಡನ ಬಲೆಯಂತೆ ಹರಡಿದ ಹಳಿಗಳು ಉತ್ತರಕ್ಕೆ ಹೋದಂತೆ ಕಡಿಮೆಯಾಗಿ, ಕೊನೆಗೆ ಕಬ್ಬಿಣದ ಅದಿರಿನ ಗಣಿಗಳಿರುವ ಕಿರುನಾ ಪಟ್ಟಣದ ಕಡೆಗೆ ಒಂದೇ ಒಂದು ಗೆರೆ ಉಳಿಯುತ್ತದೆ. ಚಳಿಗಾಲದಲ್ಲಿ ಅಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಅಂಥ ಕತ್ತಲೆಯಲ್ಲೂ ಗಾಡಿ ಹೊತ್ತಿಗೆ ಸರಿಯಾಗಿ ಓಡುತ್ತದೆ ಎಂಬುದು ನನಗೆ ಆಗ ದೊಡ್ಡ ಸಮಾಧಾನದ ವಿಷಯವಾಗಿ ಕಾಣುತ್ತಿತ್ತು.

ಆ ಡಿಸೆಂಬರಿನ ಒಂದು ಬೆಳಿಗ್ಗೆ ಇಸ್ಮಾಯಿಲ್ ಸಾಹೇಬರು ನಮ್ಮ ಆಫೀಸಿಗೆ ಬಂದರು. ಭಟ್ಕಳದವರು, ದೇರಾದಲ್ಲಿಯೇ ಬಟ್ಟೆ ಅಂಗಡಿ. ಹಜ್ ಯಾತ್ರೆಯ ವಿಮಾನ ಟಿಕೆಟ್ಟಿಗೆಂದು ಹಿಂದೆ ಬಂದಿದ್ದರಿಂದ ಮುಖ ಪರಿಚಯವಿತ್ತು. ಜೊತೆಗೆ ಅವರ ಅಕ್ಕ ಖತೀಜಮ್ಮ, ಅರವತ್ತರ ಹತ್ತಿರದ ಹೆಂಗಸು, ಕಪ್ಪು ಬುರ್ಖಾದೊಳಗೆ ಬೆರಳುಗಳಷ್ಟೇ ಕಾಣುತ್ತಿದ್ದವು. ಆ ಬೆರಳುಗಳು ಜಪಮಣಿ ಎಣಿಸುವುದನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ.

ಖತೀಜಮ್ಮನ ಒಬ್ಬನೇ ಮಗ ರಿಜ್ವಾನ್ ಎಂಜಿನಿಯರ್. ಯಂತ್ರಗಳನ್ನು ಕೂರಿಸುವ ಕೆಲಸದ ಮೇಲೆ ಕಿರುನಾಕ್ಕೆ ಹೋಗಿದ್ದವನು, ಹಿಮ ಬಿದ್ದ ರಸ್ತೆಯಲ್ಲಿ ಕಾರು ಉರುಳಿ ಆಸ್ಪತ್ರೆ ಸೇರಿದ್ದ. ತಲೆಗೆ ಪೆಟ್ಟು. ಹವಾಮಾನ ಕೆಟ್ಟಿದ್ದರಿಂದ ಅವನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಗಿರಲಿಲ್ಲ. ಬರುವವರು ಬೇಗ ಬನ್ನಿ ಎಂದು ವೈದ್ಯರು ತಿಳಿಸಿದ್ದರು. ಸಾಹೇಬರು ಅಬುಧಾಬಿಗೆ ಓಡಿ ವೀಸಾ ಮಾಡಿಸಿಕೊಂಡು ಬಂದಿದ್ದರು. ಸ್ಟಾಕ್‌ಹೋಮ್‌ವರೆಗೆ ವಿಮಾನವಿತ್ತು. ಅಲ್ಲಿಂದ ಮುಂದಿನ ವಿಮಾನಗಳೆಲ್ಲ ಹಿಮಗಾಳಿಗೆ ರದ್ದಾಗಿದ್ದವು.

"ರೈಲು ಹೋಗ್ತದಾ ಅಕ್ಕೋರೆ?" ಎಂದು ಸಾಹೇಬರು ಕೇಳಿದರು. ಅವರ ಕಡೆ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ನನ್ನ ಕನ್ನಡಕ ನೋಡಿಯೋ ಏನೋ, ನನಗೂ ಆ ಪಟ್ಟ ಸಿಕ್ಕಿತ್ತು.

"ಹೋಗತೈತ್ರಿ ಸಾಹೇಬ್ರ. ಸಂಜೀಗೆ ಹತ್ತಿದ್ರ ಮರುದಿವಸ ಮಧ್ಯಾಹ್ನ ಕಿರುನಾ."

ಒಂದೇ ಕೋಣೆಯಲ್ಲಿ ಎರಡು ಬರ್ತ್ ಸಿಕ್ಕವು. ಆರು ಜನ ಮಲಗುವ ಕೋಣೆ ಅದು. ಟಿಕೆಟ್ ಕೊಡುವಾಗ ನಾನು ಒಂದು ಮಾತನ್ನು ಒತ್ತಿ ಹೇಳಿದೆ. ಈ ಗಾಡಿ ಬೂಡೆನ್ ಎಂಬ ಜಂಕ್ಷನ್‌ನಲ್ಲಿ ಎರಡಾಗುತ್ತದೆ. ಕೆಲವು ಬೋಗಿಗಳು ಸಮುದ್ರದ ದಂಡೆಯ ಲೂಲಿಯೊ ಊರಿಗೆ ಹೋಗುತ್ತವೆ, ಉಳಿದವು ಕಿರುನಾದ ಕಡೆಗೆ. ನಿಮ್ಮ ಬೋಗಿ ಬಿಟ್ಟು ಎಲ್ಲಿಯೂ ಕೂರಬೇಡಿ. ಇದು ನಮ್ಮ ಹುಬ್ಬಳ್ಳಿ ಕಡೆಯವರಿಗೆ ಹೊಸದಲ್ಲ. ಲೋಂಡಾ ಜಂಕ್ಷನ್‌ನಲ್ಲಿ ಗೋವಾದ ಡಬ್ಬಿಗಳನ್ನು ಬಿಚ್ಚಿ ಬೇರೆ ಗಾಡಿಗೆ ಜೋಡಿಸುವುದನ್ನು ನೋಡುತ್ತಲೇ ನಾವು ದೊಡ್ಡವರಾದವರು. ಆದರೆ ಇವರ ಊರಿಗೆ ಕರಾವಳಿಯ ರೈಲುಹಳಿ ಆಗಿನ್ನೂ ಬರುತ್ತಿತ್ತಷ್ಟೆ. ಭಟ್ಕಳದಿಂದ ಬಸ್ಸು, ಮುಂಬಯಿಯಿಂದ ವಿಮಾನ, ದುಬೈಯಲ್ಲಿ ಕಾರು. ಅಕ್ಕ ತಮ್ಮ ಇಬ್ಬರೂ ಜೀವಮಾನದಲ್ಲಿ ಒಂದು ರಾತ್ರಿ ರೈಲಿನಲ್ಲಿ ಮಲಗಿದವರಲ್ಲ. ಸಾಹೇಬರು ತಲೆಯಾಡಿಸಿದರು. ಸೂರ್ಯ ಹುಟ್ಟದ ಊರಿನಲ್ಲಿ ನಸುಕಿನ ಫಜರ್ ನಮಾಜಿನ ಹೊತ್ತು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ನನಗೆ ತಿಳಿಯದು ಎಂದೆ.

ಎರಡು ದಿನ ಕಳೆದು, ನಮ್ಮಲ್ಲಿ ಊಟದ ಹೊತ್ತು ಸಮೀಪಿಸಿತ್ತು. ಫೋನ್ ಬಂತು. ಆ ಕಡೆ ಇಸ್ಮಾಯಿಲ್ ಸಾಹೇಬರು, ಉಸಿರು ಮೇಲೆ ಕೆಳಗೆ.

"ಅಕ್ಕ ಇಲ್ಲ ಅಕ್ಕೋರೆ! ಅಕ್ಕ ಇದ್ದ ಬೋಗಿಯೇ ಇಲ್ಲ!"

ಸಮಾಧಾನಪಡಿಸಿ ಕೇಳಿದಾಗ ವಿಷಯ ಗೊತ್ತಾಯಿತು. ಆರು ಬರ್ತಿನ ಆ ಕೋಣೆಯಲ್ಲಿ ಉಳಿದ ನಾಲ್ವರೂ ಗಂಡಸರು. ಪರ ಗಂಡಸರ ನಡುವೆ ಅಕ್ಕ ಹೇಗೆ ಮಲಗುವುದು? ಸಾಹೇಬರು ಕಂಡಕ್ಟರನ ಕೈಕಾಲು ಹಿಡಿದಂತೆ ಬೇಡಿಕೊಂಡಿದ್ದರು. ಆ ಪುಣ್ಯಾತ್ಮ ಒಳ್ಳೆಯವನೇ. ಹಿಂದಿನ ಒಂದು ಬೋಗಿಯಲ್ಲಿ ಹೆಂಗಸರದೇ ಕೋಣೆಯಲ್ಲಿ ಬರ್ತ್ ಹುಡುಕಿಕೊಟ್ಟು, ಬೆಳಿಗ್ಗೆ ಬೂಡೆನ್ ಬರುವ ಮೊದಲು ವಾಪಸು ಬರಬೇಕು ಎಂದು ತನ್ನ ಭಾಷೆ ಬೆರೆತ ಇಂಗ್ಲಿಷಿನಲ್ಲಿ ಹೇಳಿದ್ದ. ಸಾಹೇಬರು ಅದನ್ನು ಇಳಿಯುವ ಮೊದಲು ಎಂದು ತಿಳಿದರು. ಇಳಿಯಬೇಕಾದದ್ದು ಕಿರುನಾದಲ್ಲಿ ತಾನೆ? ಎದ್ದು ಮುಖ ತೊಳೆದು ಅಕ್ಕನನ್ನು ಕರೆಯಲು ಹೋದರೆ, ಬೋಗಿಗಳ ನಡುವಿನ ಬಾಗಿಲಿಗೆ ಬೀಗ. ಗಾಜಿನಾಚೆ ಬಿಳಿ ಹಿಮ, ಹಳಿ, ಅಷ್ಟೆ.

ಅಕ್ಕನ ಟಿಕೆಟ್, ಪಾಸ್‌ಪೋರ್ಟ್, ದುಡ್ಡು ಎಲ್ಲವೂ ಇವರ ಕೋಟಿನ ಜೇಬಿನಲ್ಲಿದ್ದವು. ಆಕೆಗೆ ಬರುತ್ತಿದ್ದುದು ಅವರ ಮನೆಮಾತು ನವಾಯತಿ, ಸ್ವಲ್ಪ ಕನ್ನಡ, ಸ್ವಲ್ಪ ಹಿಂದಿ. ಮುಂದಿನ ನಿಲ್ದಾಣದಲ್ಲಿ ಗಾಡಿ ನಿಂತಾಗ ಕಂಡಕ್ಟರ್ ಇವರನ್ನು ಆಫೀಸಿಗೆ ಕರೆದುಕೊಂಡು ಹೋಗಿದ್ದ. ಸಾಹೇಬರಿಗೆ ನೆನಪಾದದ್ದು ನನ್ನ ಕಾರ್ಡಿನಲ್ಲಿದ್ದ ನಂಬರ್.

"ಗಾಡಿ ಬಿಡ್ತದೆ ಅಂತಾರೆ. ಎಂತ ಮಾಡ್ಲಿ? ಇಳಿದು ಅಕ್ಕನ ಹಿಂದೆ ಹೋಗ್ಲಾ, ಮುಂದೆ ಹುಡುಗನ ಹತ್ರ ಹೋಗ್ಲಾ? ನೀವೇ ಹೇಳಿ."

ಇಂಥ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕೆಲಸದಲ್ಲಿ ಸೇರಿರಲಿಲ್ಲ. ವೇಳಾಪಟ್ಟಿಯ ಪುಟ ತೆರೆದೆ. ಹಿಂದಕ್ಕೆ ಹೋದರೆ ಇಬ್ಬರಿಗೂ ಸಂಜೆ ತಲುಪುವ ಗಾಡಿಯೇ ಗತಿ, ಹುಡುಗ ಅಲ್ಲಿಯವರೆಗೆ ಒಬ್ಬನೇ. ಮುಂದೆ ಹೋದರೆ ಆ ಹೆಂಗಸು ಕಂಡರಿಯದ ಊರಿನಲ್ಲಿ ಒಬ್ಬಳೇ.

"ಮುಂದ ಹೋಗ್ರಿ ಸಾಹೇಬ್ರ. ಹುಡುಗನ ಹತ್ರ ಇರ್ರಿ. ಅಮ್ಮಾರನ್ನ ಹುಡುಕೋದು ನನಗ ಬಿಡ್ರಿ" ಎಂದೆ. ಅವರು ಫೋನ್ ಇಟ್ಟರು. ಇಟ್ಟ ಮೇಲೆ ನನ್ನ ಮಾತಿಗೆ ನಾನೇ ಹೆದರಿದೆ.

ಟೆಲಿಫೋನ್ ವಿಚಾರಣಾ ಸೇವೆಯಿಂದ ಲೂಲಿಯೊ ನಿಲ್ದಾಣದ ನಂಬರ್ ಪಡೆದು ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡಳು. ನಾನು ಅರ್ಧ ಹೇಳುವಷ್ಟರಲ್ಲಿ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಕಪ್ಪು ಬಟ್ಟೆಯ ಅಜ್ಜಿ ಪ್ಲಾಟ್‌ಫಾರ್ಮಿನಲ್ಲಿಯೇ ನಿಂತಿದ್ದಾರೆ, ಒಳಗೆ ಕರೆದರೆ ಬರುತ್ತಿಲ್ಲ, ಗಾಡಿಯ ಮುಂದಿನ ತುದಿಯನ್ನೇ ನೋಡುತ್ತಿದ್ದಾರೆ ಎಂದಳು. ನನ್ನ ಹೆಸರು ಹೇಳಿ, ಕನ್ನಡ ಎಂಬ ಶಬ್ದವೊಂದನ್ನು ಕಲಿಸಿ, ಫೋನಿಗೆ ಕರೆತರಲು ಬೇಡಿಕೊಂಡೆ. ಬಂದರು.

"ಇಸ್ಮಾಯಿಲ್ ಎಲ್ಲಿ ತಂಗಿ?"

"ಅವರು ಮುಂದ ಹೋಗ್ಯಾರ ಅಮ್ಮಾ. ನಾನೇ ಕಳಿಸೀನಿ. ನಿಮ್ಮ ಬೋಗಿ ಬ್ಯಾರೆ ಊರಿಗೆ ಬಂದೈತಿ."

"ಒಳ್ಳೇದಾಯ್ತು. ರಿಜ್ವಾನ್ ಹತ್ರ ಯಾರಾದ್ರೂ ಇರ್ಬೇಕು" ಎಂದರು. ಅಳಲಿಲ್ಲ. ನನ್ನ ಕಣ್ಣು ಮಾತ್ರ ತುಂಬಿಕೊಂಡಿತು.

ಕಿರುನಾಕ್ಕೆ ಮುಂದಿನ ಗಾಡಿ ಮಧ್ಯಾಹ್ನದ ನಂತರ ಹೊರಟು ಸಂಜೆ ತಲುಪುತ್ತಿತ್ತು. ರಸ್ತೆ ಹಿಮದಿಂದ ಮುಚ್ಚಿತ್ತು. ಟಿಕೆಟಿನ ಚಿಂತೆ ಬೇಡ, ತಾನೇ ಕೈಹಿಡಿದು ಹತ್ತಿಸುತ್ತೇನೆ, ಕಂಡಕ್ಟರಿಗೂ ಹೇಳುತ್ತೇನೆ ಎಂದು ಆ ಸ್ವೀಡಿಷ್ ಹೆಂಗಸು ಭರವಸೆ ಕೊಟ್ಟಳು. ಖತೀಜಮ್ಮನನ್ನು ತನ್ನ ಕೋಣೆಯಲ್ಲಿಯೇ ಕೂರಿಸಿಕೊಂಡಳು. ಅವಳ ಹೆಸರು ಕೇಳಲು ನನಗೆ ಹೊಳೆಯಲೇ ಇಲ್ಲ.

ಒಂದು ಗಂಟು ಬಿಚ್ಚಿತು ಎಂದುಕೊಳ್ಳುವಷ್ಟರಲ್ಲಿ ಸಾಹೇಬರ ಫೋನ್ ಮತ್ತೆ ಬಂತು, ಈ ಸಲ ಆಸ್ಪತ್ರೆಯ ವಾರ್ಡಿನಿಂದ. ಗಾಡಿ ಹೊತ್ತಿಗೆ ಸರಿಯಾಗಿ ತಲುಪಿಸಿತ್ತು. "ಖಲಾಸ್ ಅಕ್ಕೋರೆ. ಡಾಕ್ಟರು ಸಂಜೆ ತನಕ ಕಷ್ಟ ಅಂತಾರೆ. ಅಕ್ಕನಿಗೆ ನಾ ಎಂತ ಹೇಳ್ಲಿ?" ಎಂದು ಮಗುವಿನಂತೆ ಅತ್ತರು. ಹಿಂದಿನಿಂದ ನರ್ಸ್ ಏನೋ ಹೇಳಿದಳು. ಹುಡುಗ ಮಾತಾಡಲಾರ, ಆದರೆ ಕಿವಿ ಕೇಳಿಸುತ್ತಿರಬಹುದು ಎಂದಳಂತೆ.

ನನ್ನ ಮೇಜಿನ ಮೇಲೆ ಎರಡು ಫೋನ್ ಇದ್ದವು. ಎರಡು ಲೈನ್‌ಗಳನ್ನು ಸೇರಿಸುವ ಸೌಲಭ್ಯ ನಮ್ಮ ಆಫೀಸಿನಲ್ಲಿತ್ತೋ ಇಲ್ಲವೋ, ನನಗಂತೂ ಬರುತ್ತಿರಲಿಲ್ಲ. ಸಾಹೇಬರಿಗೆ ಫೋನ್ ಇಡಬೇಡಿ, ಹುಡುಗನ ಕಿವಿಗೆ ಹಿಡಿಯಿರಿ ಎಂದೆ. ಇನ್ನೊಂದರಲ್ಲಿ ಲೂಲಿಯೊ ಹಚ್ಚಿದೆ. ಖತೀಜಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಗನ ವಿಷಯದಲ್ಲಿ ತಾಯಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಅವಂಗ ಕೇಳಸ್ತೈತಂತ ಅಮ್ಮಾ. ಮಾತಾಡ್ರಿ" ಎಂದು ಹೇಳಿ, ಒಂದು ರಿಸೀವರನ್ನು ತಲೆಕೆಳಗು ಮಾಡಿ, ಒಂದರ ಬಾಯಿಗೆ ಇನ್ನೊಂದರ ಕಿವಿ ಬರುವಂತೆ ಜೋಡಿಸಿ, ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

ಅವರು ನವಾಯತಿಯಲ್ಲಿ ಮಾತಾಡಿದರು. ನನಗೆ ಅದರಲ್ಲಿ ರಿಜ್ವಾನ್ ಎಂಬ ಹೆಸರೊಂದೇ ತಿಳಿಯುತ್ತಿತ್ತು. ಮೊದಲು ಧ್ವನಿ ಗದರಿದಂತಿತ್ತು, ಆಮೇಲೆ ಮನೆಯ ಸುದ್ದಿ ಹೇಳುವಾಗಿನ ಓಘ, ಕೊನೆಗೆ ಅರಬ್ಬಿಯ ಪ್ರಾರ್ಥನೆ, ನಿಧಾನವಾಗಿ, ಮತ್ತೆ ಮತ್ತೆ. ಪಕ್ಕದ ಮೇಜುಗಳಲ್ಲಿ ಯಾರೂ ಫೋನ್ ಎತ್ತಿಕೊಳ್ಳಲಿಲ್ಲ. ಎದುರಿಗೆ ಪ್ಯಾರಿಸ್ ಟಿಕೆಟ್ಟಿಗೆ ಬಂದಿದ್ದ ಅರಬ್ ಗೃಹಸ್ಥರೊಬ್ಬರು ಪ್ರಾರ್ಥನೆಯ ಮಾತು ಗುರುತಿಸಿ ಎದ್ದು ನಿಂತು ಎರಡೂ ಅಂಗೈ ಮೇಲೆತ್ತಿದರು. ನನ್ನ ತೋಳು ಸೋತು ಹೋಗುತ್ತಿತ್ತು. ಬಿಟ್ಟರೆ ಹಳಿ ತಪ್ಪೀತೆಂಬ ಹೆದರಿಕೆಯಲ್ಲಿ ಹಿಡಿದೇ ಇದ್ದೆ.

ರಿಜ್ವಾನ್ ಅಂದು ಸಂಜೆಗೆ ಮೊದಲೇ ತೀರಿಕೊಂಡ. ತಾಯಿಯ ಗಾಡಿ ಆಗಿನ್ನೂ ದಾರಿಯಲ್ಲಿತ್ತು. ದೇಹವನ್ನು ದುಬೈಗೆ ತಂದು ಮಣ್ಣು ಮಾಡಿದರು. ನಾನು ಹೋಗಿ ಹೆಂಗಸರ ಜೊತೆ ಕೂತು ಬಂದೆ. ಸಾಹೇಬರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ: "ನಾನೇ ಅಕ್ಕನನ್ನು ಬೇರೆ ಬೋಗಿಗೆ ಕಳಿಸಿದ್ದು. ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ." ಬಂಧುಗಳಲ್ಲಿ ಕೆಲವರು ಹೌದೆಂದು ಅವರ ಮೇಲೆ ಮುನಿಸಿಕೊಂಡಿದ್ದರು. ನಿಜ ಹೇಳಬೇಕೆಂದರೆ ನನಗೂ ಸಿಟ್ಟಿತ್ತು. ಅಷ್ಟು ಬಿಡಿಸಿ ಹೇಳಿದ್ದೆನಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕೆಲವು ವಾರಗಳ ನಂತರ ಇಬ್ಬರೂ ನನ್ನನ್ನು ಕಾಣಲು ಬಂದರು. ದೇರಾದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೆಂದರೆ ಲಾಟರಿ ಹೊಡೆದಂತೆ. ಸಾಹೇಬರು ಅಕ್ಕನನ್ನು ಬಾಗಿಲಲ್ಲಿ ಇಳಿಸಿ ಜಾಗ ಹುಡುಕಲು ಹೋದರು. ಖತೀಜಮ್ಮ ನನ್ನ ಎದುರು ಕೂತು, ಮುಖದ ಪರದೆ ಸರಿಸಿದರು. ಅಂದು ಮೊದಲ ಸಲ ಅವರ ಮುಖ ಕಂಡೆ.

"ಅವನು ಬರುವ ಮೊದ್ಲು ಒಂದು ಮಾತು ಹೇಳ್ತೆ ತಂಗಿ. ಬೋಗಿ ಬದಲಿಸು ಅಂದದ್ದು ನಾನು. ಅವನು ಬೇಡ ಅಂದ, ಅಕ್ಕೋರು ಹೇಳಿದ್ದಾರೆ ಅಂದ. ನಾನೇ ಹಟ ಮಾಡ್ದೆ, ಈ ಗಂಡಸರ ನಡುವೆ ಮಲಗುದಿಲ್ಲ ಅಂತ."

"ಮತ್ತ ಸಾಹೇಬ್ರು ಎಲ್ಲರ ಮುಂದ…"

"ಮನೇಲಿ ಹಾಸಿಗೆ ಹಿಡಿದಿರುವ ನನ್ನ ಗಂಡನಿಗೂ ಹಾಗೇ ಹೇಳಿದ್ದಾನೆ."

"ನೀವು ಸುಮ್ಮನ ಇದ್ದೀರಲ್ಲಮ್ಮಾ?"

"ನಾನು ಹೇಳ್ಲಿಕ್ಕೆ ಹೋದೆ. ಅವನು ಬಾಯಿ ಮುಚ್ಚಿಸಿದ. ಮಗನನ್ನ ಕಳಕೊಂಡವಳ ಮೇಲೆ ಇದನ್ನೂ ಹಾಕುದಾ, ನಂಗೆ ಇರ್ಲಿ ಅಂದ." ಪರದೆಯ ಅಂಚಿನಿಂದ ಕಣ್ಣೊರೆಸಿಕೊಂಡರು. "ತಮ್ಮ ಕೊಟ್ಟದ್ದು. ಹೆಂಗೆ ತಿರುಗಿ ಕೊಡುದು?"

ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ತಲೆ ತಗ್ಗಿಸಿ, "ನೀವು ಅಷ್ಟು ಹೇಳಿದ್ರಿ ಅಕ್ಕೋರೆ. ತಪ್ಪು ನಂದೇ" ಎಂದರು. ಖತೀಜಮ್ಮ ನನ್ನನ್ನು ನೋಡಿದರು. ನಾನು ಸಾಹೇಬರಿಗೆ ಚಹಾ ತರಿಸಿದೆ.

ರೈಲ್ವೆಯಲ್ಲಿ ಗಾಡಿ ತಡವಾದರೆ ಕಾರಣ ಬರೆಯಲೇಬೇಕು, ಯಾರಿಂದ ತಡವಾಯಿತು ಎಂಬ ಹೆಸರೂ ಬೇಕು. ಆ ಮನೆಯಲ್ಲಿ ಬೆಳೆದ ನಾನು ಎಲ್ಲದರಲ್ಲೂ ಮೊದಲು ಅದನ್ನೇ ಹುಡುಕುತ್ತಿದ್ದೆ. ಮುಂದೆ ಹತ್ತು ಹನ್ನೆರಡು ವರ್ಷ ಅದೇ ಡೆಸ್ಕಿನಲ್ಲಿದ್ದೆ. ಟಿಕೆಟ್ ಬರೆಯುವ ಮೊದಲು ಮನೆಯ ಹೆಂಗಸರಿಗೆ ಎಂಥ ಕೋಣೆ ಬೇಕೆಂದು ಕೇಳುವುದನ್ನು ಕಲಿತೆ. ತಪ್ಪು ಯಾರದು ಎಂದು ಕೇಳುವುದನ್ನು ಬಿಟ್ಟೆ. ಈಗ ಅಕ್ಕನೂ ಇಲ್ಲ, ತಮ್ಮನೂ ಇಲ್ಲ. ಅದಕ್ಕೆಂದೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಇಸ್ಮಾಯಿಲ್ ಸಾಹೇಬರು ತಮ್ಮದಲ್ಲದ ಆ ತಪ್ಪನ್ನು ಕೊನೆಯವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ.